ಸಹಿ ಹಾಕಿದ ತಾಯಿಗೂ ಒಂದು ಚಪ್ಪಾಳೆ

ಅಮೆರಿಕದ ಹೈಸ್ಕೂಲುಗಳು ಸೈನ್ಯ ಸೇರುವ ಮಕ್ಕಳನ್ನೂ ವೇದಿಕೆಗೆ ಕರೆದು ಸನ್ಮಾನಿಸಬೇಕು ಅಂತ ಬರೆದಿದ್ದೀರಿ. ಒಪ್ಪಿದೆ. ಆದರೆ ಅಮೆರಿಕದಲ್ಲೇ ಇರುವ ನಾನು ಇಲ್ಲಿ ನೋಡಿದ ಸಮಾರಂಭದಲ್ಲಿ ಆರ್‌ಒಟಿಸಿ (ಕಾಲೇಜು ಓದುತ್ತಲೇ ಸೇನಾಧಿಕಾರಿಯಾಗುವ ತರಬೇತಿ) ಸ್ಕಾಲರ್‌ಶಿಪ್ ಗೆದ್ದವಳಿಗೆ ದೊಡ್ಡ ಚೆಕ್ಕು, ಫೋಟೊ. ನೇರವಾಗಿ ಮರೀನ್ಸ್ (ಅಮೆರಿಕದ ಸೇನೆಯ ಒಂದು ಪಡೆ) ಸೇರಿದ ಹುಡುಗನ ಹೆಸರು ಮಾತ್ರ ಓದಿ ಮುಂದೆ ಹೋದರು.

ಸ್ಕಾಲರ್‌ಶಿಪ್ಪೂ ಪುಕ್ಕಟೆಯಲ್ಲ ಸ್ವಾಮಿ. ಆರ್ಮಿಯದಾದರೆ ಡಿಗ್ರಿ ಮುಗಿದ ಮೇಲೆ ಒಟ್ಟು 8 ವರ್ಷದ ಸೇವೆಯ ಕರಾರು, ಅದರಲ್ಲಿ ಒಂದಷ್ಟನ್ನು ಮೀಸಲು ಪಡೆಯಲ್ಲಿ ಕಳೆಯಬಹುದು ಅಷ್ಟೆ. ವೇದಿಕೆಯಲ್ಲಿ ಸ್ಕಾಲರ್‌ಶಿಪ್ಪಿನ ಡಾಲರ್ ಲೆಕ್ಕ ಓದುವಾಗ ಇದನ್ನೂ ಓದಲಿ.

17ನೇ ವಯಸ್ಸಿಗೇ ಸೈನ್ಯ ಸೇರಬೇಕಾದರೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು. ಆ ಕಾಗದಕ್ಕೆ ಸಹಿ ಹಾಕಿದ ತಾಯಿಯನ್ನೂ ಒಮ್ಮೆ ಎಬ್ಬಿಸಿ ನಿಲ್ಲಿಸಿ. ಇಲ್ಲಿನ ನಮ್ಮ ಕನ್ನಡದ ಮನೆಗಳಲ್ಲಂತೂ ‘ಎಂಜಿನಿಯರಿಂಗ್ ಬಿಟ್ಟು ಇದೇನೋ ಮಗನೆ’ ಅನ್ನುವವರೇ ಜಾಸ್ತಿ. (ನಾನೂ ಅಂದವನೇ.)