ಮೊದಲಿನ ಹೊಟ್ಟೆ, ನಂತರದ ಹೊಟ್ಟೆ

ಆ ಜೋಡಿ ಫೋಟೋ ನೀವೂ ನೋಡಿರ್ತೀರಿ. ಎಡಗಡೆ 'ಮೊದಲು', ಬಲಗಡೆ 'ನಂತರ'. ಎಡಗಡೆಯವನು ಮಂಕು ಬೆಳಕಲ್ಲಿ ಹೊಟ್ಟೆ ಬಿಟ್ಟುಕೊಂಡು, ಸಾವಿನ ಸುದ್ದಿ ಕೇಳಿದವನ ಹಾಗೆ ನಿಂತಿರುತ್ತಾನೆ. ಬಲಗಡೆಯೂ ಅವನೇ. ಮೈಗೆ ಎಣ್ಣೆ, ನೆತ್ತಿಯ ಮೇಲೆ ದೀಪ, ಉಸಿರು ಒಳಗೆ. ಹನ್ನೆರಡು ವಾರದಲ್ಲಿ ಹೊಟ್ಟೆ ಹೋಯಿತು, ನಗು ಬಂತು. ಎಂಥಾ ವಿಜ್ಞಾನ!

ನಾನೂ ಒಂದು ಜಿಮ್ಮಿಗೆ ಹೋದೆ. ಫಾರಂ ಕೊಟ್ಟರು. 'ನಿಮ್ಮ ಗುರಿ' ಅಂತ ಬರೆದು ಕೆಳಗೆ ಮೂರು ಚೌಕ. ತೂಕ ಇಳಿಸೋದು, ಮಸಲ್ ಬೆಳೆಸೋದು, ಸಿಕ್ಸ್ ಪ್ಯಾಕ್. "ನಂಗೆ ರಾತ್ರಿ ನಿದ್ದೆ ಬಂದ್ರೆ ಸಾಕಪ್ಪಾ" ಅಂದೆ. ಹಾಸಿಗೆ ಅಂಗಡಿಗೆ ಹೋಗಬೇಕಾದವರು ದಾರಿ ತಪ್ಪಿ ಬಂದಿದ್ದಾರೆ ಅನ್ನೋ ಹಾಗೆ ಟ್ರೇನರ್ ಹುಡುಗ ನೋಡಿದ. ಆಮೇಲೆ ಸುಮ್ನೆ ಮೊದಲನೇ ಚೌಕಕ್ಕೆ ಟಿಕ್ ಹಾಕಿ, ನನ್ನ ಹೊಟ್ಟೆಗೆ ಟೇಪು ಸುತ್ತಿದ.

ಟೇಪು ಅಂದ ಕೂಡಲೇ ನನಗೆ ಬ್ರಿಟನ್ನಿನ ವೈದ್ಯ-ಸಂಶೋಧಕ ಜೆರ್ರಿ ಮಾರಿಸ್ ನೆನಪಾಗುತ್ತಾರೆ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಲ್ಲಿ ಡ್ರೈವರ್ ಕೂತೇ ಇರುತ್ತಿದ್ದ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯದ ಕಾಯಿಲೆ ಡ್ರೈವರುಗಳಿಗೇ ಜಾಸ್ತಿ ಅಂತ ಮಾರಿಸ್ 1953ರಲ್ಲಿ ತೋರಿಸಿದರು. ಡ್ರೈವರುಗಳು ದಪ್ಪಗಿದ್ದರು, ಅಷ್ಟೇ ಅಲ್ವಾ ಅಂತೀರಿ. ಆ ಅನುಮಾನ ಅವರಿಗೂ ಬಂದಿತ್ತು. ಅದಕ್ಕೇ ಯೂನಿಫಾರಂ ಲೆಕ್ಕ ತರಿಸಿ, ಪ್ಯಾಂಟಿನ ಸೊಂಟದ ಅಳತೆ ನೋಡಿದರು! ಡ್ರೈವರುಗಳ ಸೊಂಟ ದೊಡ್ಡದು, ನಿಜ. ಆದರೆ ಸಣಕಲನಾಗಲಿ ಡೊಳ್ಳುಹೊಟ್ಟೆಯವನಾಗಲಿ, ಕಂಡಕ್ಟರನ ಹೃದಯವೇ ಗಟ್ಟಿ. ಈ ಪ್ಯಾಂಟಿನ ಲೆಕ್ಕ ಅಚ್ಚಾದ 1956ರಲ್ಲೇ ಟೇಪಿನ ಮರ್ಯಾದೆ ಹೋಗಿದೆ. ಮಾರಿಸ್ 99 ವರ್ಷ ಬದುಕಿದರು. ಅವರ ಹೊಟ್ಟೆಯ ಅಳತೆ ಹುಡುಕಲು ನಾನಂತೂ ಹೋಗಲಿಲ್ಲ.

ನಮ್ಮ ಪಕ್ಕದ ಮನೆಯವರು ಮೂರು ತಿಂಗಳು ದಿನಾ ಬಿರುಸಾಗಿ ನಡೆದರು. ಶುಗರ್ ಇಳಿಯಿತು. ಮೆಟ್ಟಿಲ ಮಧ್ಯೆ ನಿಂತು ಏದುಸಿರು ಬಿಡೋದು ನಿಂತಿತು. ನೆಲದಿಂದ ಏಳುವಾಗ ಗೋಡೆ ಹಿಡಿಯೋದನ್ನೂ ಬಿಟ್ಟರು. ಒಂದಿನ ತೂಕದ ಮಿಷನ್ ಹತ್ತಿದರು. ಮುಳ್ಳು ಇದ್ದಲ್ಲೇ ಇತ್ತು. "ಏನೂ ಪ್ರಯೋಜನ ಆಗ್ಲಿಲ್ಲ ಬಿಡಿ" ಅಂತ ಮಾರನೇ ದಿನದಿಂದ ಶೂಸ್ ಮೂಲೆ ಸೇರಿದವು.

ಇಲ್ಲಿ ನನಗೆ ನಗು ಬರೋದಿಲ್ಲ. ನಡೆಯುವಾಗ ಕಾಲಿನ ಮಾಂಸಖಂಡ ಇನ್ಸುಲಿನ್‌ಗೂ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಅದಕ್ಕೆ ತೂಕ ಇಳಿಯಲೇಬೇಕು ಅಂತೇನಿಲ್ಲ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದೆಲ್ಲಾ ಹೊಟ್ಟೆಯ ಬಗ್ಗೆಯೇ. ಸರಿಯಾಗುತ್ತಿದ್ದ ಮನುಷ್ಯರನ್ನು ಫೇಲ್ ಅಂತ ನಂಬಿಸಿ ಮನೆಯಲ್ಲಿ ಕೂರಿಸಿದರಲ್ಲಾ, ಸಾಕಾಗಿ ಹೋಗಿದೆ.

ಇರಲಿ. ಮೂರು ತಿಂಗಳಾದ ಮೇಲೆ ನನ್ನನ್ನೂ ಗೋಡೆಗೆ ನಿಲ್ಲಿಸಿ 'ನಂತರ'ದ ಫೋಟೋ ತೆಗೆದರು. ಹುಡುಗ ಎರಡನ್ನೂ ಪಕ್ಕಪಕ್ಕ ಇಟ್ಟು ಹಿಗ್ಗಿಸಿ ನೋಡಿದ.

"ಏನೂ ಚೇಂಜ್ ಕಾಣ್ತಿಲ್ಲ ಸಾರ್."

"ಕಣ್ಣು ನೋಡಪ್ಪಾ" ಅಂದೆ. "ಮೊದಲ್ನೇದ್ರಲ್ಲಿ ನಿದ್ದೆಗೆಟ್ಟಿದೀನಿ."

"ಕಣ್ಣು ಫ್ರೇಮಿಗೆ ಬರಲ್ಲ ಸಾರ್" ಅಂದ. "ನಾವು ಕತ್ತಿಂದ ಕೆಳಗೆ ಮಾತ್ರ ಹಾಕೋದು."