ಟೊಂಗೆ ಕೇಳಿದರೆ ಲಿಂಕ್ ಬಂತು

ಚೌತಿ ಮುಗಿದು ನಾಲ್ಕು ದಿನ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಮನೆಯವರು "ಬಿಡು, ಎಂತ ಇದ್ದು ಅದ್ರಲ್ಲಿ" ಅಂದರು. ಬಿಡುವವಳಾಗಿದ್ದರೆ ನನಗೆ ಫೇಸ್‌ಬುಕ್ ಯಾಕೆ ಬೇಕಿತ್ತು?

ಗಣಪತಿ ನೋಡಲು ದೂರದ ಸಂಬಂಧದ ಅತ್ತಿಗೆಯ ಮನೆಗೆ ಹೋಗಿದ್ದೆ. ಶಿರಸಿಯಿಂದ ಹೆಚ್ಚು ದೂರವೇನಲ್ಲ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಅರ್ಧ ಜನಕ್ಕೆ ಮನೆಯೂ ಗೊತ್ತಾಗುತ್ತದೆ. ಪಂಚಕಜ್ಜಾಯ ತಿಂದು ಜಗಲಿಗೆ ಬಂದರೆ ಮೂಲೆಯಲ್ಲೊಂದು ಮಾನ್‌ಸ್ಟೆರಾ, ಅದೇ ದೊಡ್ಡ ಸೀಳೆಲೆಯ ಶೋಕಿ ಗಿಡ. ಎಲೆಯ ಅರ್ಧ ಹಸಿರು, ಇನ್ನರ್ಧ ಹಾಲು ಚೆಲ್ಲಿದ ಹಾಗೆ ಬಿಳಿ. ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ಅಭ್ಯಾಸಬಲ ನೋಡಿ, ಬಾಯಿ ತಾನಾಗಿ ಕೇಳಿತು, "ಅತ್ಗೆ, ಇದ್ರದ್ದೊಂದು ಟೊಂಗೆ ಕೊಡೇ."

"ಅಯ್ಯೋ, ಇದು ಭಾರೀ ರೇರ್ ಮಾರಾಯ್ತಿ. ಟೊಂಗೆ ಕೊಡಲೆ ಆಗ್ತಿಲ್ಲೆ. ಬೇಕಾದ್ರೆ ಲಿಂಕ್ ಕಳಸ್ತಿ."

ನಾನು ಮನೆಗೆ ಬಂದು ಸೀರೆ ಬದಲಿಸುವ ಮೊದಲೇ ಲಿಂಕ್ ಬಂದಿತ್ತು. ಮೂರೆಲೆಯ ಗಿಡಕ್ಕೆ 2,400 ರೂಪಾಯಿ. ಕೊರಿಯರ್ ಖರ್ಚು ಬೇರೆ.

ಇಲ್ಲ ಅಂದದ್ದಕ್ಕೆ ಬೇಜಾರಿಲ್ಲ. "ಈಗ ಸಣ್ಣದು, ಮುಂದಿನ ವರ್ಷ ಕೊಡ್ತಿ" ಅಂದಿದ್ದರೆ ಖುಷಿಯಿಂದ ಬರುತ್ತಿದ್ದೆ. ಆ ಮುಂದಿನ ವರ್ಷ ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿರುತ್ತದೆ, ಆದರೂ ಮಾತಿಗೊಂದು ಮರ್ಯಾದೆ ಇರುತ್ತದೆ. ಲಿಂಕ್ ಕಳಿಸುವುದು ಅಂದರೆ ಎಂತ? ಹಸಿವಾಗಿದೆ ಅಂದವರಿಗೆ ಹೋಟೆಲಿನ ವಿಳಾಸ ಕೊಟ್ಟ ಹಾಗಾಯಿತು, ಅಲ್ವಾ?

ನಮ್ಮ ಕಡೆಯ ಹೆಂಗಸರ ಸ್ವಭಾವ ನಿಮಗೇನು ಹೊಸದಲ್ಲ. ಯಾರ ಮನೆಗೆ ಹೋದರೂ ಮೊದಲು ಅಂಗಳ ಸುತ್ತಬೇಕು, ಕುಡಿಯುವ ಆಸರಿಗೆ ಆಮೇಲೆ. ಮದುವೆಮನೆಗೆ ಹೋದರೂ ವಾಪಸ್ ಬರುವಾಗ ಕೈಯಲ್ಲೊಂದು ಪ್ಲಾಸ್ಟಿಕ್ ಕೊಟ್ಟೆ, ಅದರಲ್ಲಿ ಒದ್ದೆ ಮಣ್ಣು, ಮೇಲಿಂದ ಇಣುಕುವ ಎರಡು ಎಲೆ. ಕೇಳಿದರೆ ಕೊಡುತ್ತಾರೆ. ಕೊಡದಿದ್ದರೆ ಕದಿಯುವುದು. ಕದ್ದ ಗಿಡ ಚೆನ್ನಾಗಿ ಹಿಡಿಯುತ್ತದೆ ಅಂತ ನಂಬಿಕೆಯೇ ಇದೆ. ಕಳ್ಳತನಕ್ಕೂ ಒಂದು ಶಾಸ್ತ್ರ ಮಾಡಿಟ್ಟ ಜನ ನಾವು. ನಮ್ಮ ಮನೆಯ ಎರಡು ಸುತ್ತಿನ ಬಿಳಿ ದಾಸವಾಳ ಎಲ್ಲಿಂದ ಬಂತು ಅಂತ ಇಲ್ಲಿ ಕೇಳಬೇಡಿ. ಆ ಮನೆಯವರೂ ಈ ಗೋಡೆ ಓದುತ್ತಾರೆ.

ಅದೇ ದಿನ ಇನ್ನೊಂದು ನೋಡಿದೆ. ಗಣಪತಿಯ ತಲೆ ಮೇಲೆ ಫಲಾವಳಿ ಕಟ್ಟಿದ್ದರು. ಅಡಿಕೆ ಕೊನೆ, ಮೊಗೆಕಾಯಿ, ಹೀರೆಕಾಯಿ. ನಡುವೆ ಅಗ್ನಿಶಿಖೆಯ ಎರಡು ಹೂ. ಎಸಳುಗಳೆಲ್ಲ ಹಿಂದಕ್ಕೆ ಮಡಚಿ ಮೇಲೆದ್ದು ನಿಂತಿವೆ, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಅಂಚೆಲ್ಲ ಬೆಂಕಿಯ ನಾಲಗೆಯ ಹಾಗೆ ಅಲೆ ಅಲೆ. ತಮಿಳುನಾಡಿನ ರಾಜ್ಯ ಹೂವು ಅದು, ಜಿಂಬಾಬ್ವೆಗೆ ರಾಷ್ಟ್ರ ಹೂವು. ಇಡೀ ಗಿಡವೇ ವಿಷ, ಗಡ್ಡೆಯಂತೂ ಕೇಳುವುದೇ ಬೇಡ, ಮಕ್ಕಳಿರುವ ಮನೆಯವರು ಹುಷಾರು. ಆದರೆ ರೂಪ ಅಂದರೆ ಅದು! ಬಂದ ಮಕ್ಕಳೆಲ್ಲ ಮಾನ್‌ಸ್ಟೆರಾ ಪಕ್ಕ ನಿಂತು ಸೆಲ್ಫಿ ತೆಗೆದವು. ಅಗ್ನಿಶಿಖೆ ಬೇಲಿಯಿಂದ ಬಂದದ್ದಲ್ಲವಾ, ಅದಕ್ಕೆ ಲಿಂಕ್ ಇಲ್ಲ.

ಈಗ ಒಂದು ನಿಜ ಹೇಳಿಬಿಡುತ್ತೇನೆ. ನಾನೂ ಇಂಥದ್ದೇ ಬಿಳಿ ಪಟ್ಟೆಯ ಮಾನ್‌ಸ್ಟೆರಾ ತರಿಸಿದ್ದೆ. 2021ರಲ್ಲಿ, ಲಾಕ್‌ಡೌನಿನಲ್ಲಿ ಎಲ್ಲರಿಗೂ ಒಂದೊಂದು ಹುಚ್ಚು ಹಿಡಿದಿತ್ತಲ್ಲ, ಆಗ. ಒಂದು ಗೆಣ್ಣು, ಒಂದೇ ಎಲೆ, 4,500 ರೂಪಾಯಿ. ಮನೆಯವರಿಗೆ 450 ಅಂದಿದ್ದೆ. (ಇದನ್ನು ಓದುತ್ತಿದ್ದರೆ, ಹೌದು, ಅದೇ ಗಿಡ.) ದಿನಾ ಬೆಳಿಗ್ಗೆ ಎದ್ದು ದೇವರಿಗಿಂತ ಮೊದಲು ಅದರ ಮುಖ ನೋಡುತ್ತಿದ್ದೆ. ಎರಡನೇ ಎಲೆ ಬಿಳಿ ಬಂತು. ಪೂರ್ತಿ ಬಿಳಿ. ಕುಣಿದಾಡಿದೆ. ಹದಿನೈದು ದಿನಕ್ಕೆ ಅಂಚು ಕಂದಾಗಿ ಒಣಗಿತು. ಆಮೇಲೆ ಓದಿ ತಿಳಿದುಕೊಂಡೆ, ಬಿಳಿ ಭಾಗದಲ್ಲಿ ಎಲೆಗೆ ಹಸಿರು ಕೊಡುವ ಹರಿತ್ತು ಇಲ್ಲ, ಅದು ಅಡುಗೆ ಮಾಡುವುದಿಲ್ಲ, ಕೂತು ಉಣ್ಣುತ್ತದೆ ಅಷ್ಟೆ. ಹಸಿರು ಭಾಗ ದುಡಿದು ಹಾಕಬೇಕು. ಅದಕ್ಕೇ ಹಸಿರು ಚಿಗುರು ಬಂದರೆ ಅದರದ್ದೇ ಜೋರು. ಕೊನೆಯ ಬಿಳಿ ಪಟ್ಟೆಯ ಗೆಣ್ಣಿನ ತನಕ ಕತ್ತರಿಸಿ ಹಾಕಬೇಕಿತ್ತಂತೆ. 4,500 ಕೊಟ್ಟ ಗಿಡಕ್ಕೆ ಕತ್ತಿ ಹಾಕಲು ಕೈ ಬರಬೇಕಲ್ಲ! ನನ್ನದು ನಾಲ್ಕನೇ ಎಲೆಯಿಂದ ಅಪ್ಪಟ ಹಸಿರಾಯಿತು. ಈಗ ತೋಟದಲ್ಲಿ ಅಡಿಕೆ ಮರ ಹತ್ತಿ ಕೂತಿದೆ. ಅದು ಕೆಸುವಿನ ಕುಟುಂಬದ್ದೇ, ಸುವರ್ಣಗಡ್ಡೆಗೂ ನೆಂಟ. ಮನೆಯವರು ಅದರ ಕೆಳಗೆ ಹಾಯುವಾಗೆಲ್ಲ "ಕರಕಲಿ ಆಗ್ತಾ ಇದು?" ಅಂತ ಕೇಳುತ್ತಾರೆ. ಕರಕಲಿ ಅಂದರೆ ಕೆಸುವಿನೆಲೆಯ ಅಡುಗೆ. ಮರಕೆಸು ಕೊಯ್ದು ಪತ್ರೊಡೆ ಮಾಡುವ ಊರಿನಲ್ಲಿ ಮಾನ್‌ಸ್ಟೆರಾಕ್ಕೆ ಇನ್ನೆಂತ ಮರ್ಯಾದೆ ಸಿಗಬೇಕು?

ಇದಾದರೂ ನಿಜ ಗಿಡ. ಪಿಂಕ್ ಕಾಂಗೋ ಅಂತ ಒಂದು ಬಂದಿತ್ತು ನೆನಪಿದೆಯಾ? ಫಿಲೋಡೆಂಡ್ರಾನ್, ಎಲೆಯೆಲ್ಲ ಗುಲಾಬಿ. ರಾಸಾಯನಿಕ ಕೊಟ್ಟು ತರಿಸಿದ ಬಣ್ಣ ಅದು. ಕೆಲವು ತಿಂಗಳಿಗೆ ಹೊಸ ಎಲೆಯೆಲ್ಲ ಹಸಿರು. ನಮ್ಮ ಬಳಗದಲ್ಲಿ ಯಾರು ಯಾರು ತರಿಸಿದ್ದರು ಅಂತ ನನಗೆ ಗೊತ್ತು, ಹೇಳುವುದಿಲ್ಲ.

ತಮಾಷೆ ಏನೆಂದರೆ, ಆಲ್ಬೋ ಅನ್ನುವ ಈ ಬಿಳಿ ಪಟ್ಟೆಯ ಮಾನ್‌ಸ್ಟೆರಾ ಬೀಜದಿಂದ ಹಾಗೇ ಬರುವುದಿಲ್ಲ. ಗಿಡದ ಕೆಲವು ಕೋಶಗಳಲ್ಲಿ ಆದ ಏರುಪೇರು ಅದು. ಹೆಚ್ಚಾಗಿ ಗೆಣ್ಣು ಕತ್ತರಿಸಿಯೇ ಬೆಳೆಸುವುದು. ಥಾಯ್ ಕಾನ್‌ಸ್ಟೆಲೇಶನ್ ಅಂತ ಇನ್ನೊಂದು ಇದೆ, ಚುಕ್ಕಿ ಚುಕ್ಕಿಯದು, ಅದು ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಅದರ ಲೆಕ್ಕ ಬೇರೆ. ಆಲ್ಬೋ ಮಾತ್ರ ಹೆಚ್ಚಾಗಿ ಯಾರೋ ಒಬ್ಬರು ಟೊಂಗೆ ಕತ್ತರಿಸಿದ್ದಕ್ಕೇ ಇವತ್ತು ಒಂದು ಜಗಲಿಯಲ್ಲಿದೆ. ಆ ಗಿಡ ಹಿಡಿದುಕೊಂಡು "ಟೊಂಗೆ ಕೊಡಲೆ ಆಗ್ತಿಲ್ಲೆ" ಅಂದರೆ!

ಕಮೆಂಟಿನಲ್ಲಿ ಈಗ ಬರುವ ಮಾತು ಗೊತ್ತು. "ದುಡ್ಡು ಕೊಟ್ಟು ತಂದವರು ಪುಕ್ಕಟೆ ಯಾಕೆ ಕೊಡಬೇಕು? ನರ್ಸರಿಯವರ ಹೊಟ್ಟೆಪಾಡಲ್ವಾ?" ನರ್ಸರಿಯವರು ಮಾರಲಿ. ನಾನೇ ಕೊಳ್ಳುತ್ತೇನೆ. ಮಳೆ ಹಿಡಿಯುವ ಹೊತ್ತಿಗೆ ಶಿರಸಿಯಲ್ಲಿ ವನಸ್ತ್ರೀ ಅನ್ನುವ ಬೀಜ ಉಳಿಸುವ ಹೆಂಗಸರ ಬಳಗದವರ ಮಲೆನಾಡು ಮೇಳ ಆಗುತ್ತದಲ್ಲ, ಅಲ್ಲಿ ಹಳ್ಳಿಯ ಹೆಂಗಸರು ಬೀಜ, ಗಡ್ಡೆ, ಸಸಿ ಮಾರಲು ತರುತ್ತಾರೆ. ಅಲ್ಲಿ ನಾನು ಚೌಕಾಶಿಯನ್ನೂ ಮಾಡುವುದಿಲ್ಲ. ಆದರೆ ಅತ್ತಿಗೆ, ನಿಮ್ಮದು ನರ್ಸರಿಯಾ? ನಿಮಗೆ ಹತ್ತೆಕರೆ ಅಡಿಕೆ ತೋಟ ಇದೆ. ನೀವು ಕಾದದ್ದು ದುಡ್ಡನ್ನಲ್ಲ, "ಊರಲ್ಲಿ ನಮ್ಮನೆಯಲ್ಲಿ ಮಾತ್ರ ಇದ್ದು" ಅನ್ನುವ ಮಾತನ್ನು.

ರೇರ್ ಅನ್ನುವ ಶಬ್ದದ ಮೇಲೇ ನನಗೆ ಸಿಟ್ಟು. ಹೋದ ತಿಂಗಳು ಒಂದು ನರ್ಸರಿಯಲ್ಲಿ ಥನ್ಬರ್ಜಿಯಾ ಮೈಸೂರೆನ್ಸಿಸ್ ನೋಡಿದೆ. ಚಪ್ಪರದಿಂದ ಮಾರುದ್ದದ ಹಾರ ಇಳಿಬಿಟ್ಟ ಹಾಗೆ ಹೂ, ಒಳಗೆ ಹಳದಿ, ಹೊರಗೆ ಕಂದುಗೆಂಪು ತುಟಿ. ಸೂರಕ್ಕಿ ಬಂದು ಜೇನು ಹೀರುವಾಗ ಅದರ ತಲೆ ತಾಗುವ ಜಾಗದಲ್ಲೇ ಪರಾಗ ಇರುತ್ತದೆ, ಲೆಕ್ಕ ಹಾಕಿ ಮಾಡಿಟ್ಟ ಹಾಗೆ. ಚೀಟಿಯಲ್ಲಿ "ಇಂಪೋರ್ಟೆಡ್, ರೇರ್" ಅಂತ ಬರೆದಿದ್ದರು. ಹೆಸರಲ್ಲೇ ಮೈಸೂರು ಇದೆ ಮಾರಾಯರೇ! ನಮ್ಮದೇ ಪಶ್ಚಿಮಘಟ್ಟದ ಬಳ್ಳಿ. ಇಂಗ್ಲೆಂಡಿನವರು ಗಾಜಿನ ಮನೆ ಕಟ್ಟಿ, ಬಿಸಿ ಕೊಟ್ಟು ಸಾಕುತ್ತಾರೆ ಅದನ್ನು. ನಾವು ಘಟ್ಟದ ಮೇಲೇ ಕೂತು 650 ರೂಪಾಯಿಗೆ ಇಂಪೋರ್ಟ್ ಮಾಡಿಕೊಳ್ಳುತ್ತೇವೆ. ಕೊಂಡೆ ಅನ್ನಿ. ಬೈದುಕೊಂಡೇ ಕೊಂಡೆ.

ಹಾಗಂತ ಕಾಡಿಗೆ ಹೋಗಿ ಕಿತ್ತು ತನ್ನಿ ಅಂತ ನಾನು ಹೇಳಲಿಲ್ಲ. ಸೀತಾಳೆ ದಂಡೆ ಅನ್ನುವ ಕಾಡಿನ ಆರ್ಕಿಡ್ ಅನ್ನು ಮರದ ಟೊಂಗೆ ಸಮೇತ ಕಡಿದು ತಂದು ಮನೆಯೆದುರಿನ ಮಾವಿಗೆ ಕಟ್ಟುವವರ ಮೇಲೆ ಇನ್ನೊಂದು ದಿನ ಬರೆಯುತ್ತೇನೆ. ಇವತ್ತು ಒಬ್ಬರ ಮೇಲೆ ಮಾತ್ರ ಸಿಟ್ಟು.

ನಮ್ಮನೆಯ ಬಾವಲಿ ಹೂ ನೋಡಿದವರಿಗೆ ಗೊತ್ತು. ಟಕ್ಕಾ. ಆಗ್ನೇಯ ಏಷ್ಯಾ ಕಡೆಯದು. ಕಪ್ಪು ನೇರಳೆ ರೆಕ್ಕೆ, ಕೆಳಗೆ ಗೇಣುದ್ದ ಮೀಸೆ. ಕಾರವಾರದ ಗೆಳತಿ ಗಡ್ಡೆಯ ತುಂಡನ್ನು ಪೇಪರಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದಳು. ತೋಟದ ನೆರಳು, ದರಕಿನ (ಒಣಗಿ ಉದುರಿದ ಎಲೆಯ) ಗೊಬ್ಬರ, ಈ ಮಳೆ, ಅದಕ್ಕೆ ಇನ್ನೆಂತ ಬೇಕು. ಎರಡು ವರ್ಷಕ್ಕೆ ಬುಡ ತುಂಬಿತು. ಗಡ್ಡೆ ಸೀಳಿ ಏಳು ಮನೆಗೆ ಕೊಟ್ಟೆ. ಹೋದ ಮಳೆಗಾಲದಲ್ಲಿ ಬಸವನಹುಳ ಬಂದು ನನ್ನದನ್ನು ಬುಡದವರೆಗೂ ತಿಂದು ಹಾಕಿತು. ಸರಿ, ಐದನೇ ಮನೆಯಿಂದ ಒಂದು ತುಂಡು ವಾಪಸ್ ಬಂತು. ಈಗ ಮತ್ತೆ ಮೂರೆಲೆ ಬಿಟ್ಟಿದೆ.

ಇದು ನನಗೆ ಹುಟ್ಟಿನಿಂದ ಬಂದ ಬುದ್ಧಿ ಅಂದುಕೊಳ್ಳಬೇಡಿ. ಡೇರೆ ಹೂ, ಅದೇ ಡಾಲಿಯಾ, ಕಲಿಸಿದ್ದು.

ಅಮ್ಮಮ್ಮನ ಹತ್ತಿರ ಒಂದು ಡೇರೆ ಇತ್ತು. ಕವಳ (ಎಲೆಯಡಿಕೆ) ಹಾಕಿದ ಬಾಯಿಯ ಕೆಂಪು, ಪ್ರತಿ ಎಸಳಿನ ತುದಿಗೂ ಸುಣ್ಣ ತಾಗಿದ ಹಾಗೆ ಬಿಳಿ. ಕವಳದ ಡೇರೆ ಅಂತಲೇ ಕರೆಯುತ್ತಿದ್ದಳು. ಡೇರೆಯೂ ಮೆಕ್ಸಿಕೋದಿಂದ ಬಂದದ್ದು, ಮಾನ್‌ಸ್ಟೆರಾದ ಊರೂ ಅದೇ ಕಡೆ ಅಂತ ಯಾರೋ ಜಾಣರು ಹೇಳುತ್ತಾರೆ, ನನಗೂ ಗೊತ್ತು. ಡಾಲಿಯಾ ಅನ್ನುವುದನ್ನು ಡೇರೆ ಮಾಡಿ, ಮಳೆಗೆ ಮೊದಲು ಗಡ್ಡೆ ಹಂಚಿ, ಚೌತಿಗೆ ಹೂ ಲೆಕ್ಕ ಹಾಕಿ, ಯಾರ ಮನೆಯದು ಎಷ್ಟು ದೊಡ್ಡದು ಅಂತ ಜಗಳ ಆಡಿ ನಮ್ಮದು ಮಾಡಿಕೊಂಡಿದ್ದೇವೆ. ಯಾರೂ ಯಾರಿಗೂ ಲಿಂಕ್ ಕಳಿಸಿರಲಿಲ್ಲ.

ಮದುವೆಯಾಗಿ ಬರುವಾಗ ಅಮ್ಮಮ್ಮ ನನಗೆ ಅದರ ಗಡ್ಡೆ ಕೊಟ್ಟಿದ್ದಳು. ಇಲ್ಲಿ ಅದು ಯಾರ ಮನೆಯಲ್ಲೂ ಇರಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಪಕ್ಕದ ಮನೆಯ ಅಕ್ಕ ಎರಡು ವರ್ಷ ಕೇಳಿದಳು. ಮೂರನೇ ವರ್ಷ ಇಲ್ಲ ಅನ್ನಲು ಆಗಲಿಲ್ಲ. ಕೊಟ್ಟೆ. ದಪ್ಪ ದಪ್ಪ ನಾಲ್ಕು ಗಡ್ಡೆ.

ಡೇರೆ ಬೆಳೆದವರಿಗೆ ಇದು ಗೊತ್ತಿರುತ್ತದೆ. ಗಡ್ಡೆ ಎಷ್ಟು ದಪ್ಪ ಇದ್ದರೂ ಪ್ರಯೋಜನ ಇಲ್ಲ. ದಂಟು ಸೇರುವ ಕುತ್ತಿಗೆಯ ಹತ್ತಿರ ಕಣ್ಣು ಇರಬೇಕು. ಕುತ್ತಿಗೆ ಬಿಟ್ಟು ಮುರಿದರೆ ಆ ಗಡ್ಡೆ ಮಣ್ಣಿನಲ್ಲಿ ಹಾಗೇ ಕೂರುತ್ತದೆ, ಚಿಗುರುವುದಿಲ್ಲ. ನಾನು ಕುತ್ತಿಗೆ ಬಿಟ್ಟು ಮುರಿದಿದ್ದೆ. ನಾಲ್ಕನ್ನೂ. ಗೊತ್ತಿದ್ದೇ.

2019ರ ಆಗಸ್ಟಿನ ಮಳೆ ನಿಮಗೆಲ್ಲ ನೆನಪಿದೆ. ನಮ್ಮ ಅಂಗಳದ ಡೇರೆ ಓಳಿಯಲ್ಲಿ ನಾಲ್ಕು ದಿನ ನೀರು ನಿಂತಿತ್ತು. ಆ ವರ್ಷ ತೋಟಕ್ಕೆ ಕೊಳೆ, ಅಂಗಳಕ್ಕೂ ಕೊಳೆ. ನೀರು ಇಳಿದ ಮೇಲೆ ಕೈ ಹಾಕಿ ನೋಡಿದರೆ ಗಡ್ಡೆಯೆಲ್ಲ ಅಂಬಲಿಯ ಹಾಗೆ ಬೆರಳಿಗೆ ಬಂತು. ತವರಿಗೆ ಫೋನ್ ಮಾಡಿದೆ. ಅಮ್ಮಮ್ಮ ಹೋಗಿ ಆರು ವರ್ಷ ಆಗಿತ್ತು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದರು. ಬೀಜ ತೆಗೆದಿಟ್ಟಿದ್ದರೂ ಆ ಬಣ್ಣ ಬರುತ್ತಿರಲಿಲ್ಲ. ಮನುಷ್ಯರಿಗೆ ವರ್ಣತಂತು (ಕ್ರೋಮೋಸೋಮ್) ಎರಡು ಕಂತೆ ಆದರೆ ಅಂಗಳದ ಡೇರೆಗೆ ಎಂಟು ಕಂತೆ, ಬೀಜದಿಂದ ಬಂದದ್ದು ಯಾರ ಹಾಗಿರುತ್ತದೋ ಹೇಳಲು ಬರುವುದಿಲ್ಲ. ಗಡ್ಡೆ ಹೋದರೆ ಹೋಯಿತು.

ಕೊನೆಗೆ ನಾಚಿಕೆ ಬಿಟ್ಟು ಪಕ್ಕದ ಮನೆಗೆ ಹೋದೆ. ಒಂದಾದರೂ ಚಿಗುರಿರಬಹುದು ಅಂತ ಆಸೆ. ಅಕ್ಕ ದೋಸೆಗೆ ರುಬ್ಬುತ್ತಿದ್ದಳು. ಗ್ರೈಂಡರ್ ನಿಲ್ಲಿಸಿದಳು, ನನ್ನ ಮುಖ ನೋಡಿದಳು. "ನೀ ಕೊಟ್ಟಿದ್ದು ಒಂದೂ ಹುಟ್ಟಿದ್ದೇ ಇಲ್ಲೆ ತಂಗಿ" ಅಂದಳು. ಅಷ್ಟೇ ಅಂದದ್ದು. ಆಮೇಲೆ ಚಾ ಮಾಡಿ ಕೊಟ್ಟು, ವಾಪಸ್ ಬರುವಾಗ ಅವಳ ಹಳದಿ ಡೇರೆಯ ಎರಡು ಗಡ್ಡೆ ಕೈಯಲ್ಲಿಟ್ಟಳು. ಎರಡಕ್ಕೂ ಕಣ್ಣಿತ್ತು.

ಈ ವರ್ಷ ಆ ಹಳದಿ ನಮ್ಮನೆಯಲ್ಲಿ ಹನ್ನೆರಡು ಹೂ ಬಿಟ್ಟಿದೆ. ಬೇಕಾದವರು ಗಿಡ ಒಣಗಿದ ಮೇಲೆ ಬನ್ನಿ, ಕೊಟ್ಟೆ ನೀವೇ ತನ್ನಿ. ಅತ್ತಿಗೆಗೂ ಒಂದು ಇಟ್ಟಿರುತ್ತೇನೆ, ಕಣ್ಣು ಇರುವುದೇ.

ಮತ್ತೆ ಒಂದು ಕೇಳಿಕೆ. ಕವಳದ ಕೆಂಪು, ತುದಿ ಬಿಳಿ, ಹೂ ಊಟದ ಬಟ್ಟಲಿನಷ್ಟು ಅಗಲ, ದಂಟು ಸ್ವಲ್ಪ ಕಪ್ಪು. ಅಮ್ಮಮ್ಮ ಹುಲೇಕಲ್ ಕಡೆಯ ಯಾರದೋ ಮನೆಯಿಂದ ತಂದದ್ದು ಅನ್ನುತ್ತಿದ್ದಳು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಯಾವ ಕಡೆಯಾದರೂ ಸರಿ. ನಿಮ್ಮ ಅಂಗಳದಲ್ಲಿ ಇದ್ದರೆ ಫೋಟೋ ಹಾಕಿ. ಬಸ್ ಹತ್ತಿ ನಾನೇ ಬರುತ್ತೇನೆ.