ಕ್ಲಿಪ್ ತೆಗೆದ ಮೇಲಿನ ಐದು ವರ್ಷಕ್ಕೂ ದುಡ್ಡು ಬೇಕು

ದೇರಳಕಟ್ಟೆ, ಕುಂಟಿಕಾನ, ಲೈಟ್‌ಹೌಸ್ ಹಿಲ್, ಮುಕ್ಕ, ಮಣಿಪಾಲ. ಮಂಗಳೂರು-ಉಡುಪಿ ಕಡೆ ಅರ್ಧ ದಿನದಲ್ಲಿ ಸುತ್ತಿ ಬರಬಹುದಾದ ಈ ದಾರಿಯಲ್ಲಿ ಆರು ದಂತ ವೈದ್ಯಕೀಯ ಕಾಲೇಜುಗಳಿವೆ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳು ನಮ್ಮ ಊರಿನ ಯಾವ ಶಾಲೆಯಲ್ಲೂ ಸಿಗುತ್ತಾರೆ. ಆದರೆ ಕ್ಲಿಪ್ ತೆಗೆಸಿಕೊಂಡು ಹೋದವರ ಹಲ್ಲು ಐದು ವರ್ಷದ ಮೇಲೆ ಎಲ್ಲಿ ನಿಂತಿದೆ? ಈ ಪ್ರಶ್ನೆಯ ಹಿಂದೆ ಹೋಗುವ ಪಿಜಿ ಪ್ರಬಂಧಗಳು ತೀರಾ ಕಡಿಮೆ. ವಿದ್ಯಾರ್ಥಿಗಳಿಗೆ ಆಸಕ್ತಿ ಇಲ್ಲ ಎಂದಲ್ಲ. ಹಲ್ಲು ಸಾಲುಗೂಡಿಸುವ ಆರ್ಥೊಡಾಂಟಿಕ್ಸ್‌ನಲ್ಲಿ ಸಂಶೋಧನೆಯ ಹಣವೂ ಪ್ರಶಸ್ತಿಯೂ ಬೇಗ ಮುಗಿಯುವ ಕೆಲಸದ ಕಡೆಗೇ ವಾಲಿವೆ. ರೋಗಿಗೆ ಬೇಕಾದ ಉತ್ತರ ಮಾತ್ರ ನಿಧಾನದ ಕೆಲಸದಲ್ಲಿದೆ.

ತಿಂಗಳ ಲೆಕ್ಕ ಹಾಕಿ ನೋಡಿ. ದಂತವೈದ್ಯದ ಸ್ನಾತಕೋತ್ತರ ಪದವಿ ಎಂಡಿಎಸ್ 36 ತಿಂಗಳು. ಪ್ರಬಂಧದ ಯೋಜನೆ ಬರೆದು ಕೊಡುವ ಸಿನಾಪ್ಸಿಸ್‌ಗೆ ಮೊದಲ ಆರು ತಿಂಗಳು ಹೋಯಿತು. ಎಥಿಕ್ಸ್ ಕಮಿಟಿ ತಿದ್ದುಪಡಿ ಕೇಳಿ ಒಪ್ಪಿಗೆ ಕೊಡುವಾಗ ಇನ್ನೆರಡು. ಅಂತಿಮ ಪರೀಕ್ಷೆಗೆ ಆರು ತಿಂಗಳಿರುವಾಗಲೇ ಪ್ರಬಂಧ ಸಲ್ಲಿಕೆಯಾಗಬೇಕು. ಅದಕ್ಕೂ ಮೊದಲು ಲೆಕ್ಕಾಚಾರ, ಬರವಣಿಗೆ, ಗೈಡ್ ತಿದ್ದುವುದು ಎಂದು ಮೂರು ತಿಂಗಳು ಬೇಕೇ ಬೇಕು. ಉಳಿದದ್ದು 19 ತಿಂಗಳು. ನಾಲ್ಕು ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲು) ಕೀಳಿಸಿ ಮುಂದಿನ ಹಲ್ಲು ಹಿಂದಕ್ಕೆ ತರುವ ಒಂದೇ ಒಂದು ಕೇಸಿಗೆ 18ರಿಂದ 24 ತಿಂಗಳು ಹಿಡಿಯುತ್ತದೆ. 0.014 ಇಂಚಿನ ತೆಳ್ಳಗಿನ, ಬಳುಕುವ ನೈಟೈ (ನಿಕಲ್-ಟೈಟಾನಿಯಂ) ತಂತಿಯಿಂದ ಶುರು ಮಾಡಿ 0.019×0.025 ಇಂಚಿನ ಗಟ್ಟಿ ಸ್ಟೀಲ್ ತಂತಿಗೆ ಬರುವಾಗಲೇ ಆರೆಂಟು ತಿಂಗಳು ಆಗಿರುತ್ತದೆ. ಅಲ್ಲಿಂದ ಜಾಗ ಮುಚ್ಚುವ ವೇಗ ತಿಂಗಳಿಗೆ ಸುಮಾರು 1 ಮಿ.ಮೀ. ಹೀಗಿರುವಾಗ ಚಿಕಿತ್ಸೆ ಮುಗಿದ ಮೇಲಿನ ಕಥೆಯನ್ನು ಯಾವ ಪಿಜಿ ವಿದ್ಯಾರ್ಥಿ ತಾನೇ ವಿಷಯವಾಗಿ ತೆಗೆದುಕೊಂಡಾನು?

ಹಾಗಾಗಿ ಎಲ್ಲರೂ ಲ್ಯಾಬಿಗೆ ಓಡುತ್ತಾರೆ. ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಂಡು) ಅಂಟಿನ ಬಲ ಅಳೆಯುವುದು ಅದರಲ್ಲಿ ಅಚ್ಚುಮೆಚ್ಚಿನದು. ಕಿತ್ತ ಪ್ರಿಮೋಲಾರ್‌ಗಳನ್ನು ಥೈಮಾಲ್ ದ್ರಾವಣದಲ್ಲಿಟ್ಟು, ಅಕ್ರಿಲಿಕ್ ಬ್ಲಾಕಿನಲ್ಲಿ ಕೂರಿಸಿ, 37% ಫಾಸ್ಫಾರಿಕ್ ಆಮ್ಲ 30 ಸೆಕೆಂಡ್ ಹಚ್ಚಿ ತೊಳೆದು ಒಣಗಿಸಿ, ಬ್ರಾಕೆಟ್ ಅಂಟಿಸಿ, ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್ನಿನಲ್ಲಿ ಒತ್ತಿ ಕೀಳಿಸುವುದು. ವಾರದಲ್ಲಿ ಕೆಲಸ ಮುಗಿಯುತ್ತದೆ. ಅದರಲ್ಲೂ ತಪ್ಪುವ ಜಾಗಗಳಿವೆ. ಬ್ಲೇಡ್ ಬ್ರಾಕೆಟ್ಟಿನ ಬುಡಕ್ಕೆ ತಾಗಿಕೊಂಡಿರಬೇಕು, 1 ಮಿ.ಮೀ. ದೂರ ಸರಿದರೆ ಅದು ಜಾರಿಸುವುದಲ್ಲ, ಎಬ್ಬಿಸುವುದಾಗುತ್ತದೆ, ಸಂಖ್ಯೆ ಕೆಳಗಿಳಿಯುತ್ತದೆ. ಬ್ಲಾಕಿನಲ್ಲಿ ಹಲ್ಲು ಸ್ವಲ್ಪ ವಾಲಿದ್ದರೂ ಹಾಗೆಯೇ. ಕೊನೆಗೆ 1975ರಲ್ಲಿ ರೆನಾಲ್ಡ್ಸ್ ಸೂಚಿಸಿದ 5.9ರಿಂದ 7.8 ಮೆಗಾಪಾಸ್ಕಲ್‌ಗೆ (ಅಂಟು ತಡೆಯುವ ಒತ್ತಡದ ಅಳತೆ) ಹೋಲಿಸಿ, ದಾಟಿತು ಎಂದು ಬರೆದು ಮುಗಿಸುತ್ತಾರೆ. ಬಾಯಿಯಲ್ಲಿ ಬ್ರಾಕೆಟ್ ಕಿತ್ತು ಬರುವುದು ಒಮ್ಮೆ ಬಿದ್ದ ಆ ಒತ್ತಡದಿಂದ ಮಾತ್ರವಲ್ಲ. ಜೊಲ್ಲು, ಬಿಸಿ ಚಹಾ, ದಿನಕ್ಕೆ ಸಾವಿರ ಸಲ ಜಗಿಯುವ ಸಣ್ಣ ಸಣ್ಣ ಒತ್ತಡ, ಅದರ ಮೇಲೆ ಒಂದು ಗಟ್ಟಿ ಚಕ್ಕುಲಿ. ಅಂಟಿನ ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ, ಹೊಸ ಅಂಟು ಬಂದಾಗ ಅದು ಬೇಕು. ಇಡೀ ವಿಭಾಗದ ಶಕ್ತಿ ಅಲ್ಲೇ ಕರಗುವುದು ಸರಿಯಲ್ಲ.

ಈಗ ನಿಧಾನದ ಪ್ರಶ್ನೆಗೆ ಬರೋಣ. ರಾಬರ್ಟ್ ಲಿಟ್ಲ್ 1975ರಲ್ಲಿ ಒಂದು ಸರಳ ಅಳತೆ ಕೊಟ್ಟರು. ಕೆಳದವಡೆಯ ಮುಂದಿನ ಆರು ಹಲ್ಲುಗಳ ನಡುವೆ ಐದು ಕಡೆ ಹಲ್ಲಿಗೆ ಹಲ್ಲು ತಾಗುತ್ತದೆ. ತಾಗಬೇಕಾದ ಬಿಂದುಗಳು ಒಂದಕ್ಕೊಂದು ಎಷ್ಟು ಸರಿದಿವೆ ಎಂದು ಕ್ಯಾಲಿಪರಿನಲ್ಲಿ ಅಳೆದು ಐದನ್ನೂ ಕೂಡಿಸುವುದು, ಅಷ್ಟೇ. ಅದೇ ಅಳತೆ ಹಿಡಿದು ಅವರೂ ಸಂಗಡಿಗರೂ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಪ್ರಿಮೋಲಾರ್ ಕೀಳಿಸಿ ಚಿಕಿತ್ಸೆ ಪಡೆದ 65 ಜನರನ್ನು, ಹಲ್ಲು ಮತ್ತೆ ಸರಿಯದಂತೆ ಹಿಡಿಯುವ ರಿಟೇನರ್ ನಿಲ್ಲಿಸಿ ಹತ್ತು ವರ್ಷವಾದ ಮೇಲೆ ನೋಡಿದರು. 1981ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕೆಳಗಿನ ಮುಂದಿನ ಹಲ್ಲು ಒಪ್ಪುವಂತೆ ಉಳಿದದ್ದು ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಜನರಲ್ಲಿ. ಇವತ್ತು ಜಗತ್ತಿನಾದ್ಯಂತ ರೋಗಿಗಳಿಗೆ ‘ರಿಟೇನರ್ ಬಿಡಬೇಡಿ’ ಎಂದು ಹೇಳುವುದರ ಬೆನ್ನಿಗೆ ಈ ಬಗೆಯ ಕೆಲಸವಿದೆ. ಹೊಸ ಯಂತ್ರವೇನೂ ಬೇಕಾಗಲಿಲ್ಲ. ಹಳೆಯ ರೋಗಿಗಳನ್ನು ವಾಪಸ್ ಕರೆಸುವ ತಾಳ್ಮೆಯೂ ಕೆಡದಂತೆ ಇಟ್ಟ ದಾಖಲೆಯೂ ಬೇಕಾದವು.

ನಮ್ಮಲ್ಲಿ ಇಂಥದ್ದೊಂದು ಮಾಡಬೇಕೆಂದರೆ ಎಷ್ಟು ಜನ ಬೇಕು? ಹಲ್ಲಿನ ಹಿಂದೆ ಅಂಟಿಸುವ ತಂತಿ ಒಂದು ಗುಂಪಿಗೆ, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಪಾರದರ್ಶಕ ರಿಟೇನರ್ ಇನ್ನೊಂದು ಗುಂಪಿಗೆ ಎಂದಿಟ್ಟುಕೊಳ್ಳಿ. ಎರಡರ ನಡುವೆ 1 ಮಿ.ಮೀ. ವ್ಯತ್ಯಾಸ ಹಿಡಿಯಬೇಕು, ಅಳತೆಗಳ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಚದುರಿವೆ ಎಂಬುದು) 1.5 ಮಿ.ಮೀ. ಶೇ. 80 ಪವರ್ (ಇರುವ ವ್ಯತ್ಯಾಸ ಹಿಡಿಯುವ ಸಾಧ್ಯತೆ), ಶೇ. 5 ಸಿಗ್ನಿಫಿಕೆನ್ಸ್ (ಇಲ್ಲದ್ದನ್ನು ಇದೆ ಎನ್ನುವ ಅಪಾಯ) ಇಟ್ಟರೆ ಸೂತ್ರದಲ್ಲಿ ಬರುವ 15.7 ಅನ್ನು 1.5ರ ವರ್ಗದಿಂದ ಗುಣಿಸಬೇಕು, 35.3 ಬರುತ್ತದೆ. ಗುಂಪಿಗೆ 36 ಜನ. ಐವರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆಂದರೆ 45. ಐವರಲ್ಲಿ ಇಬ್ಬರು ಎಂದರೆ 60. ಕರಾವಳಿಯಲ್ಲಿ 60 ಎಂದೇ ಹಿಡಿಯುವುದು ಒಳ್ಳೆಯದು. ಕಾರಣ ಕೊನೆಗೆ ಹೇಳುತ್ತೇನೆ. ಗುಂಪಿಗೆ 15 ಜನರನ್ನಿಟ್ಟು ‘ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ’ ಎಂದು ಬರೆಯುವುದರಿಂದ ಎರಡೂ ಒಂದೇ ಎಂದು ಸಾಬೀತಾಗುವುದಿಲ್ಲ. ನೋಡುವಷ್ಟು ಜನರನ್ನು ನೋಡಿಲ್ಲ ಎಂದಷ್ಟೇ ಅದರ ಅರ್ಥ.

ಹಣದ ಬಾಗಿಲುಗಳು ಇಲ್ಲವೆಂದಲ್ಲ. ಬಿಡಿಎಸ್ ವಿದ್ಯಾರ್ಥಿಗೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆ ಎಸ್‌ಟಿಎಸ್ ಇದೆ, ಎಂಡಿಎಸ್ ಪ್ರಬಂಧಕ್ಕೂ ಐಸಿಎಂಆರ್ ನೆರವಿದೆ. ಎ.ಜೆ., ಶ್ರೀನಿವಾಸದಂಥ ರಾಜೀವ್ ಗಾಂಧಿ ವಿ.ವಿ.ಯ ಕಾಲೇಜುಗಳವರು ಆ ವಿ.ವಿ.ಯ ಸಂಶೋಧನಾ ಅನುದಾನ ನೋಡಬಹುದು. ಮಾಹೆ (ಮಣಿಪಾಲ), ನಿಟ್ಟೆ, ಯೇನೆಪೋಯದಂಥ ಡೀಮ್ಡ್ ವಿ.ವಿ.ಗಳಲ್ಲಿ ಸೀಡ್ ಮನಿ (ಕೆಲಸ ಶುರು ಮಾಡಲು ಕೊಡುವ ಹಣ) ಕೇಳಬಹುದು. ಅರ್ಜಿ ಸೋಲುವುದು ಬಜೆಟ್ ಪುಟದಲ್ಲಿ. ಬಾಯೊಳಗಿನ ಹಲ್ಲಿನ ಚಿತ್ರ ಹಿಡಿಯುವ ಇಂಟ್ರಾ ಓರಲ್ ಸ್ಕ್ಯಾನರ್ ಮೊದಲ ಸಾಲಿನಲ್ಲೇ ಕೂತು ಅರ್ಧಕ್ಕಿಂತ ಹೆಚ್ಚು ಹಣ ನುಂಗಿರುತ್ತದೆ, ರೋಗಿಯ ಬಸ್ ಖರ್ಚಿಗೆ ಒಂದು ರೂಪಾಯಿಯೂ ಇರುವುದಿಲ್ಲ. ಓದುವವರಿಗೆ ಇದು ಉಪಕರಣ ಕೊಳ್ಳುವ ಅರ್ಜಿ ಎಂದು ತಕ್ಷಣ ಗೊತ್ತಾಗುತ್ತದೆ. ಬದಲಿಗೆ ಹೀಗೆ ಬರೆಯಿರಿ: 120 ಜನ, ಒಬ್ಬರಿಗೆ ಐದು ಭೇಟಿ (ಕ್ಲಿಪ್ ತೆಗೆದ ದಿನ, 3, 6, 12, 24ನೇ ತಿಂಗಳು), ಒಟ್ಟು 600 ಭೇಟಿ, ಭೇಟಿಗೆ 200 ರೂಪಾಯಿಯಂತೆ 1,20,000. ಮುರಿದ ರಿಟೇನರ್ ಉಚಿತವಾಗಿ ಮಾಡಿಕೊಡಲು ಶೀಟ್, ಅಚ್ಚು, ತಂತಿಯ ಖರ್ಚು. ಫೋನ್ ಮಾಡಿ ಕರೆಸುವ ಅರೆಕಾಲಿಕ ಸಹಾಯಕರಿಗೆ ಸಂಬಳ. ಅಧ್ಯಯನಕ್ಕೆಂದೇ ಸಿಬಿಸಿಟಿ (ಮೂರು ಆಯಾಮದ ಎಕ್ಸ್‌ರೇ) ಸೇರಿಸಬೇಡಿ. ಚಿಕಿತ್ಸೆಗೆ ಬೇಡದ ಎಕ್ಸ್‌ರೇಯನ್ನು ಎಥಿಕ್ಸ್ ಕಮಿಟಿ ಒಪ್ಪಬಾರದು, ನೀವೂ ಕೇಳಬಾರದು. ಸರಕಾರದ ಹಣವಾದರೆ ಮಾರ್ಚ್ 31ರವರೆಗಿನ ಖರ್ಚಿನ ಲೆಕ್ಕ, ಯುಟಿಲೈಸೇಷನ್ ಸರ್ಟಿಫಿಕೇಟ್ (ಹಣ ಆ ಕೆಲಸಕ್ಕೇ ಬಳಸಿದ್ದೇವೆ ಎಂಬ ಪತ್ರ) ಕೇಳುತ್ತಾರೆ. ಕಾಲೇಜಿನ ಅಕೌಂಟ್ಸ್ ವಿಭಾಗಕ್ಕೆ ಮೊದಲ ದಿನವೇ ಮಂಜೂರಾತಿ ಪತ್ರದ ಪ್ರತಿ ಕೊಡದಿದ್ದರೆ ಎರಡನೆಯ ಕಂತು ಅಲ್ಲೇ ಸಿಕ್ಕಿಬೀಳುತ್ತದೆ.

ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪಿಗೆ ಹಂಚುವ ಅಧ್ಯಯನವಾದರೆ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ) ನೋಂದಣಿ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಆಗಬೇಕು. 2018ರ ಏಪ್ರಿಲ್ 1ರಿಂದ ಶುರುವಾದ ಟ್ರಯಲ್‌ಗಳನ್ನು ಅಲ್ಲಿ ಹಿಂದಿನ ತಾರೀಕಿಗೆ ಸೇರಿಸುವುದಿಲ್ಲ. ಒಂದು ವಾರ ಅವಸರ ಮಾಡಿದ್ದಕ್ಕೆ ಎರಡು ವರ್ಷದ ಕೆಲಸ ಒಳ್ಳೆಯ ಜರ್ನಲ್ ಬಾಗಿಲಲ್ಲೇ ವಾಪಸಾಗುತ್ತದೆ.

ಇನ್ನು ದಾಖಲೆ. ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ 1994ರಲ್ಲಿ ಕಟ್ಟಿದ ಫೌಂಡೇಶನ್ ಯುವ ಅಧ್ಯಾಪಕರ ಸಂಶೋಧನೆಗೆ ಹಣ ಕೊಡುವುದರ ಜೊತೆಗೆ ಇನ್ನೊಂದು ದೊಡ್ಡ ಕೆಲಸ ಮಾಡಿದೆ. ಅಮೆರಿಕ, ಕೆನಡಾಗಳ ಒಂಬತ್ತು ಕಡೆ ಬಿದ್ದಿದ್ದ ಮಕ್ಕಳ ಮುಖ-ದವಡೆ ಬೆಳವಣಿಗೆಯ ಹಳೆಯ ಎಕ್ಸ್‌ರೇಗಳನ್ನು ಸ್ಕ್ಯಾನ್ ಮಾಡಿಸಿ ಸಂಶೋಧಕರಿಗೆ ತೆರೆದಿಟ್ಟಿತು. ಆರೋಗ್ಯವಂತ ಮಗುವಿಗೆ ವರ್ಷ ವರ್ಷ ಎಕ್ಸ್‌ರೇ ತೆಗೆಯಲು ಇಂದು ಯಾರೂ ಒಪ್ಪುವುದಿಲ್ಲ. ಆ ಫಿಲ್ಮುಗಳು ಹೋದರೆ ಹೋದವೇ. ನಮ್ಮಲ್ಲಿ ಉಳಿದಿರುವುದು ರೋಗಿಗಳ ಹಲ್ಲಿನ ಪ್ಲಾಸ್ಟರ್ ಅಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಹವೆಯಲ್ಲಿ ಅಚ್ಚಿನ ಪೆಟ್ಟಿಗೆ ತೆರೆದು ನೋಡಿ: ರಟ್ಟು ಮೆತ್ತಗಾಗಿ ಬೂಷ್ಟು ಹಿಡಿದಿರುತ್ತದೆ, ಪೆನ್ನಿನಲ್ಲಿ ಬರೆದ ಹೆಸರು ಹರಡಿ ನೀಲಿ ಕಲೆಯಾಗಿರುತ್ತದೆ, ಒಂದರ ಮೇಲೊಂದು ಇಟ್ಟ ಭಾರಕ್ಕೆ ಕೆಳಗಿನ ಬಾಚಿಹಲ್ಲಿನ ತುದಿ ಹಾರಿರುತ್ತದೆ. ತಾಗುವ ಬಿಂದುವೇ ಇಲ್ಲದ ಮೇಲೆ ಅಳೆಯುವುದು ಏನನ್ನು? ಹಳೆಯ ಅಚ್ಚುಗಳನ್ನು ಸ್ಕ್ಯಾನ್ ಮಾಡಿಡಲು ಹಣ ಕೇಳುವ ಅರ್ಜಿಗೆ ನನ್ನ ಮೊದಲ ಮತ. ಸ್ಕ್ಯಾನರ್ ಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣವೂ ಸಿಗದು.

ಪ್ರಶಸ್ತಿಯ ವಿಷಯ. ಸಮ್ಮೇಳನದಲ್ಲಿ ಎಂಟು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ ಎಂಬ ಸ್ಪರ್ಧೆಯಲ್ಲಿ ಗೆಲ್ಲುವುದು ಚಂದದ ಸ್ಲೈಡು. ತೀರ್ಪುಗಾರರು ಮೂರು ಪ್ರಶ್ನೆ ಕಡ್ಡಾಯ ಮಾಡಿದರೆ ಪ್ರಬಂಧಗಳ ಗುಣವೇ ಬದಲಾಗುತ್ತದೆ. ನೋಂದಣಿಯಲ್ಲಿ ಬರೆದ ಮುಖ್ಯ ಫಲಿತಾಂಶವೂ ಈಗ ತೋರಿಸುತ್ತಿರುವುದೂ ಒಂದೇನಾ? ಎಷ್ಟು ಜನ ಬಿಟ್ಟುಹೋದರು, ಯಾಕೆ? ಎರಡು ವಾರ ಬಿಟ್ಟು ಅದೇ ಅಚ್ಚುಗಳನ್ನು ಮತ್ತೆ ಅಳೆದಾಗ ಡಾಲ್‌ಬರ್ಗ್ ದೋಷ (ಎರಡು ಸಲದ ಅಳತೆಯ ನಡುವಿನ ತಪ್ಪು) ಎಷ್ಟು ಬಂತು? ಅಳತೆಯ ದೋಷವೇ 0.5 ಮಿ.ಮೀ. ಇದ್ದಾಗ 0.4 ಮಿ.ಮೀ. ವ್ಯತ್ಯಾಸಕ್ಕೆ ಪದಕ ಕೊಡುವುದು ಹೇಗೆ? 1965ರಿಂದ ಇರುವ ನಮ್ಮ ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿಯಾಗಲಿ, ಇಲ್ಲಿನ ಕಾಲೇಜುಗಳಾಗಲಿ, ಐದು ವರ್ಷದ ಹಿಂಬಾಲಿಕೆಗೆಂದೇ ಒಂದು ಪ್ರಶಸ್ತಿ ಇಡಬೇಕು, ಮತ್ತು ಅದನ್ನು ಒಬ್ಬ ವಿದ್ಯಾರ್ಥಿಗಲ್ಲ, ಬ್ಯಾಚಿನಿಂದ ಬ್ಯಾಚಿಗೆ ಕೆಲಸ ದಾಟಿಸಿದ ವಿಭಾಗಕ್ಕೆ ಕೊಡಬೇಕು. ಮೇಲ್‌ನಲ್ಲಿ ಬರುವ ‘ನೀವು ಶ್ರೇಷ್ಠ ಆರ್ಥೊಡಾಂಟಿಸ್ಟ್ ಆಗಿ ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ’ ಎಂಬುದು ಪ್ರಶಸ್ತಿಯಲ್ಲ, ವ್ಯಾಪಾರ. ಆಯ್ಕೆ ಸಮಿತಿಯ ಹೆಸರಿಲ್ಲದ, ಹಣ ಕೇಳುವ ಯಾವುದನ್ನೂ ಕ್ಲಿನಿಕ್ಕಿನ ಗೋಡೆಗೆ ಹಾಕಬೇಡಿ. ರೋಗಿ ಅದನ್ನು ನಂಬುತ್ತಾನೆ.

ಗುಂಪಿಗೆ 60 ಯಾಕೆಂದರೆ, ನಮ್ಮ ರೋಗಿಗಳು ಊರು ಬಿಡುವ ವಯಸ್ಸಿನವರು. ಪಿಯುಸಿ ಹೊತ್ತಿಗೆ ಕ್ಲಿಪ್ ತೆಗೆಸಿ ಬೆಂಗಳೂರಿಗೆ ಹೋಗುತ್ತಾರೆ, ಕೆಲವರು ಅಪ್ಪ ಅಮ್ಮನಿರುವ ಗಲ್ಫಿಗೆ. ಕ್ಲಿಪ್ ತೆಗೆದ ದಿನವೇ ಮೂರು ನಂಬರ್ ಬರೆದುಕೊಳ್ಳಿ: ರೋಗಿಯದ್ದು, ತಾಯಿಯದ್ದು, ಊರಲ್ಲೇ ಇರುವ ಅಜ್ಜಿ ಮನೆಯದ್ದು. ಮೊದಲೆರಡು ಬದಲಾದರೂ ಮೂರನೆಯದು ಉಳಿಯುವ ಸಾಧ್ಯತೆ ಹೆಚ್ಚು. ಮರುಭೇಟಿಯನ್ನು ಆರನೇ ತಿಂಗಳಿಗೆ ಸರಿಯಾಗಿ ಎಂದು ಇಡಬೇಡಿ, ಆಚೀಚೆ ಮೂರು ವಾರ ಅವಕಾಶ ಇದೆ ಎಂದು ಪ್ರೋಟೋಕಾಲ್‌ನಲ್ಲೇ ಬರೆದು, ದಸರಾ ರಜೆ, ಏಪ್ರಿಲ್-ಮೇ ರಜೆಗೆ ಹೊಂದಿಸಿ. ಜುಲೈಯಲ್ಲಿ ಮಳೆಗೆ ಡಿಸಿ ರಜೆ ಕೊಟ್ಟ ದಿನ ಕುಂದಾಪುರ, ಬೆಳ್ತಂಗಡಿ ಕಡೆಯಿಂದ ಬಸ್ ಹತ್ತಿಸಿ ಮಗುವನ್ನು ಯಾರೂ ಕಳಿಸುವುದಿಲ್ಲ. ಬರಲಾಗದವರಿಂದ ಕೆಳಗಿನ ಮುಂದಿನ ಹಲ್ಲಿನ ಫೋಟೋ ವಾಟ್ಸಾಪ್‌ನಲ್ಲಿ ತರಿಸಿ. ಅದರಲ್ಲಿ ಮಿ.ಮೀ. ಅಳೆಯಲು ಬರುವುದಿಲ್ಲ, ಆದರೆ ಅಂಟಿಸಿದ ತಂತಿ ಯಾವ ಹಲ್ಲಿನಲ್ಲಿ ಬಿಟ್ಟಿದೆ ಎಂಬ ಸುಳಿವು ಸಿಗುತ್ತದೆ, ಹಲ್ಲು ಸರಿಯುವ ಮೊದಲೇ ಅವರನ್ನು ಹತ್ತಿರದ ದಂತವೈದ್ಯರಲ್ಲಿಗೆ ಕಳಿಸಬಹುದು.